ಸೋತು ಬಂದವರಿಗೆ ಐವತ್ತು ಸಾವಿರ ಜನರ ಸ್ವಾಗತ

1988ರ ಮೇ 2, ಸೋಮವಾರ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿರುವ ಮೆಮೋರಿಯಲ್ ಕ್ರೀಡಾಂಗಣದಲ್ಲಿ ಆ ರಾತ್ರಿ 50,402 ಮಂದಿ ಸೇರಿದ್ದರು. ಊರಿನ ಬೇಸ್‌ಬಾಲ್ ತಂಡ ‘ಓರಿಯೋಲ್ಸ್’ ಹೊರ ಊರುಗಳ ಪ್ರವಾಸ ಮುಗಿಸಿ ಹಿಂದಿರುಗಿತ್ತು. ಟಿಕೆಟ್ ಕೊಂಡು ಬಂದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿ, ಕೂಗಿ, ಕುಣಿದು ಆಟಗಾರರನ್ನು ಬರಮಾಡಿಕೊಂಡರು. ಇಷ್ಟನ್ನು ಓದಿದರೆ ಆ ತಂಡ ಯಾವುದೋ ದೊಡ್ಡ ಕಪ್ ಗೆದ್ದು ತಂದಿರಬೇಕು ಎಂದು ಯಾರಾದರೂ ಊಹಿಸುವುದು ಸಹಜ. ಸಂಗತಿ ತದ್ವಿರುದ್ಧ. ಆ ವರ್ಷ ಅಲ್ಲಿಯವರೆಗೆ ಆಡಿದ್ದ 24 ಪಂದ್ಯಗಳಲ್ಲಿ ಅವರು ಸೋತಿದ್ದು 23! ಅದರಲ್ಲೂ ಮೊದಲ 21 ಪಂದ್ಯಗಳನ್ನು ಒಂದರ ಹಿಂದೊಂದರಂತೆ, ಒಂದೂ ಬಿಡದೆ ಸೋತಿದ್ದರು.

ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಅಂಕ ಕಡಿಮೆಯಾದರೆ ಮಗ ಮನೆಗೆ ಬರಲು ಹೆದರುವ ಕಾಲವಿದು. ಹಾಗಿರುವಾಗ 23 ಸಲ ಫೇಲಾಗಿ ಬಂದವರಿಗೆ ಇಂಥ ಸ್ವಾಗತವೇಕೆ? ಸೋಲುವ ತಂಡದ ಬೆನ್ನು ಬಿಡದ ಅಭಿಮಾನಿಯ ಮನಸ್ಸಿನಲ್ಲಿ ಏನು ನಡೆಯುತ್ತದೆ? ಇಷ್ಟೊಂದು ಸೋಲು ಬರೀ ದುರದೃಷ್ಟವೇ, ಇಲ್ಲ ಅದಕ್ಕೂ ಲೆಕ್ಕವಿದೆಯೇ? ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ಒಟ್ಟಿಗೆ ಕುಳಿತು ಯೋಚಿಸಬೇಕಾದ ಪ್ರಶ್ನೆಗಳಿವು.

ಮೊದಲು ಆಟದ ಪರಿಚಯ

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ ಎನ್ನಬಹುದು. ಒಂದು ತಂಡದಲ್ಲಿ ಒಂಬತ್ತು ಜನ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ನಮ್ಮ ಬೌಲರ್ ಇದ್ದಂತೆ ಅಲ್ಲಿ ‘ಪಿಚರ್’. ಆತ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಬ್ಯಾಟಿನವನು ಗುಂಡನೆಯ ಬ್ಯಾಟಿನಿಂದ ಅದನ್ನು ಹೊಡೆದು, 90 ಅಡಿ ಬಾಹುವಿನ ಚೌಕದ ನಾಲ್ಕು ಮೂಲೆಗಳನ್ನು, ಅಂದರೆ ನಾಲ್ಕು ‘ಬೇಸ್’ಗಳನ್ನು ಸುತ್ತಿ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲು. ಡ್ರಾ ಎಂಬುದು ಇಲ್ಲವೆಂದೇ ಹೇಳಬೇಕು. ಒಂಬತ್ತು ಇನ್ನಿಂಗ್ಸ್‌ಗೆ ಸಮವಾದರೆ ಒಬ್ಬರು ಗೆಲ್ಲುವವರೆಗೆ ಆಟ ಮುಂದುವರಿಯುತ್ತದೆ.

ಮುಖ್ಯವಾದ ಅಂಕಿ ಇದು: ಅಮೆರಿಕದ ದೊಡ್ಡ ಲೀಗಿನಲ್ಲಿ ಪ್ರತಿ ತಂಡವೂ ಒಂದು ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ವಸಂತದಲ್ಲಿ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚೂ ಕಡಿಮೆ ದಿನಾ ಆಟ. ಅಭಿಮಾನಿಗೆ ಅದು ಹಬ್ಬದಂತೆ ವರ್ಷಕ್ಕೊಮ್ಮೆ ಬರುವುದಲ್ಲ, ಸಂಜೆಯ ಕಾಫಿಯಂತೆ ದಿನದ ಅಭ್ಯಾಸ. ಅಷ್ಟು ಪಂದ್ಯಗಳಲ್ಲಿ ಎಂಥ ಬಲಾಢ್ಯ ತಂಡವೂ ಐವತ್ತು ಅರವತ್ತು ಸಲ ಸೋಲುತ್ತದೆ. ಬೇಸ್‌ಬಾಲ್ ವಲಯದಲ್ಲಿ ಒಂದು ಹಳೆಯ ಮಾತಿದೆ. ಎಷ್ಟೇ ಕೆಟ್ಟ ತಂಡವಾದರೂ 54 ಪಂದ್ಯ ಗೆಲ್ಲುತ್ತದೆ, ಎಷ್ಟೇ ಒಳ್ಳೆಯ ತಂಡವಾದರೂ 54 ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತೀರಿ ಎಂಬುದೇ ಲೆಕ್ಕ ಎನ್ನುತ್ತಾರೆ. ಈ 54 ಎಂಬ ಸಂಖ್ಯೆಯನ್ನು ನೆನಪಿಡಿ.

ಏಪ್ರಿಲ್ ತಿಂಗಳ ಗೋಳು

ಓರಿಯೋಲ್ಸ್ ಎಂದೂ ಗೆಲ್ಲದ ತಂಡವೇನಲ್ಲ. 1966, 1970 ಮತ್ತು 1983ರಲ್ಲಿ ಆ ಆಟದ ಅತ್ಯುನ್ನತ ಪ್ರಶಸ್ತಿಯಾದ ‘ವರ್ಲ್ಡ್ ಸೀರೀಸ್’ ಗೆದ್ದಿದ್ದವರು. ಆದರೆ 1983ರ ನಂತರ ಇಳಿಜಾರು ಶುರುವಾಗಿತ್ತು. 1988ರ ಏಪ್ರಿಲ್ 4ರಂದು ತಮ್ಮದೇ ಮೈದಾನದಲ್ಲಿ ಮಿಲ್ವಾಕಿ ತಂಡದ ಎದುರು 12–0 ಅಂತರದಿಂದ ಸೋತು ಆ ವರ್ಷದ ಲೆಕ್ಕ ತೆರೆದರು. ಆರು ಸೋಲಾಗುತ್ತಲೇ ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಸೀನಿಯರ್ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಮೂರು ದಶಕ ಅದೇ ಸಂಸ್ಥೆಗಾಗಿ ದುಡಿದ ಮನುಷ್ಯ ಅವರು. ಅವರ ಇಬ್ಬರು ಮಕ್ಕಳು, ಕ್ಯಾಲ್ ಜೂನಿಯರ್ ಮತ್ತು ಬಿಲ್ಲಿ, ಅದೇ ತಂಡದ ಆಟಗಾರರು! ಅಪ್ಪನನ್ನು ಹೊರಗೆ ಕಳಿಸಿದ ತಂಡಕ್ಕೆ ಮಕ್ಕಳು ಮರುದಿನವೂ ಬ್ಯಾಟ್ ಹಿಡಿಯಬೇಕಾದ ಸನ್ನಿವೇಶ.

ಹೊಸ ಮ್ಯಾನೇಜರ್ ಆಗಿ ಬಂದವರು ಫ್ರಾಂಕ್ ರಾಬಿನ್ಸನ್. 1966ರ ಗೆಲುವಿನ ವೀರ. 1975ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಚುಕ್ಕಾಣಿ ಹಿಡಿದು, ದೊಡ್ಡ ಲೀಗಿನ ಮೊತ್ತಮೊದಲ ಕಪ್ಪು ಮ್ಯಾನೇಜರ್ ಎಂದು ಚರಿತ್ರೆಯಲ್ಲಿ ಸೇರಿದವರು. ಅವರು ಬಂದ ಮೇಲೂ ಸೋಲು ನಿಲ್ಲಲಿಲ್ಲ. ಏಳು, ಎಂಟು, ಒಂಬತ್ತು... ವರ್ಷದ ಆರಂಭದಲ್ಲೇ ಸತತ 13 ಸೋಲು ಎಂಬುದು ಅಲ್ಲಿಯವರೆಗಿನ ದಾಖಲೆ. 1904ರಲ್ಲಿ ವಾಷಿಂಗ್ಟನ್, 1920ರಲ್ಲಿ ಡೆಟ್ರಾಯಿಟ್ ತಂಡಗಳು ಅದನ್ನು ಹಂಚಿಕೊಂಡಿದ್ದವು. ಓರಿಯೋಲ್ಸ್ ಅದನ್ನೂ ದಾಟಿತು. ಅಧ್ಯಕ್ಷ ರೊನಾಲ್ಡ್ ರೇಗನ್ ಅವರೇ ರಾಬಿನ್ಸನ್‌ಗೆ ಫೋನ್ ಮಾಡಿ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದು ಸಮಾಧಾನ ಹೇಳಿದರಂತೆ. ಇಲ್ಲ, ನಿಮಗೆ ಅರ್ಥವಾಗುವುದಿಲ್ಲ ಎಂದು ರಾಬಿನ್ಸನ್ ಉತ್ತರಿಸಿದರೆಂಬುದು ಇಂದಿಗೂ ಅಲ್ಲಿ ಹೇಳಿಕೊಳ್ಳುವ ಪ್ರಸಂಗ.

ಏಪ್ರಿಲ್ 28ರಂದು 21ನೆಯ ಸೋಲು. ಮರುದಿನ, ಏಪ್ರಿಲ್ 29ರಂದು, ಷಿಕಾಗೋ ನಗರದಲ್ಲಿ ‘ವೈಟ್ ಸಾಕ್ಸ್’ ತಂಡದ ಎದುರು 9–0 ಅಂತರದ ಗೆಲುವು. ಅಂತೂ ಇಂತೂ ಸರಪಳಿ ಕಡಿಯಿತು. ಆದರೆ ಅದರ ಮುಂದಿನ ಎರಡು ಪಂದ್ಯಗಳಲ್ಲಿ ಮತ್ತೆ ಸೋಲು! ಹೀಗೆ 24ಕ್ಕೆ ಒಂದು ಗೆಲುವು ಹೊತ್ತು ಬಂದವರಿಗೇ ಮೇ 2ರ ಆ ಸ್ವಾಗತ ಸಿಕ್ಕಿದ್ದು.

ಸ್ಟುಡಿಯೋ ಬಿಡದ ಅಭಿಮಾನಿ

ಆ ದಿನಗಳ ಅಭಿಮಾನಿಗಳಲ್ಲಿ ಹೆಸರಾದವರು ಬಾಬ್ ರಿವರ್ಸ್ ಎಂಬ ರೇಡಿಯೋ ನಿರೂಪಕ. ಓರಿಯೋಲ್ಸ್ ಒಂದು ಪಂದ್ಯ ಗೆಲ್ಲುವವರೆಗೆ ತಾನು ಮೈಕಿನ ಮುಂದಿನಿಂದ ಎದ್ದು ಮನೆಗೆ ಹೋಗುವುದಿಲ್ಲ ಎಂದು ಅವರು ಪಣ ತೊಟ್ಟರು. ನಾಳೆಯೋ ನಾಳಿದ್ದೋ ಮುಗಿಯುತ್ತದೆ ಎಂದು ಊರವರೆಲ್ಲ ಅಂದುಕೊಂಡಿರಬೇಕು. ಮುಗಿದದ್ದು 258 ಗಂಟೆಗಳ ನಂತರ, ಅಂದರೆ ಸುಮಾರು ಹನ್ನೊಂದು ದಿನಕ್ಕೆ. (ವಿದ್ಯಾರ್ಥಿಗಳು ಇದನ್ನು ಅನುಕರಿಸುವುದು ಬೇಡ. ನಿದ್ದೆಗೆಟ್ಟು ಓದಿದ ಪಾಠ ನೆನಪಿನಲ್ಲಿ ಉಳಿಯುವುದಿಲ್ಲವೆಂಬುದನ್ನು ವಿಜ್ಞಾನ ಸ್ಪಷ್ಟವಾಗಿ ಹೇಳಿದೆ.) ಇದು ಹುಚ್ಚು ಎನ್ನಿಸಬಹುದು. ಆದರೆ ಸೋಲಿನ ಸುದ್ದಿ ಕೇಳಿ ರೇಡಿಯೋ ಬಂದ್ ಮಾಡುತ್ತಿದ್ದ ಜನ, ಈತನಿನ್ನೂ ಅಲ್ಲಿಯೇ ಇದ್ದಾನೆಯೇ ಎಂದು ತಿಳಿಯಲಾದರೂ ಅದನ್ನು ತಿರುಗಿಸುವಂತಾಯಿತು. ಸೋಲನ್ನು ಒಬ್ಬರೇ ಮನೆಯಲ್ಲಿ ಕುಳಿತು ನುಂಗುವುದಕ್ಕೂ ಊರವರೆಲ್ಲ ಕೂಡಿ ಅನುಭವಿಸುವುದಕ್ಕೂ ವ್ಯತ್ಯಾಸವಿದೆ.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಬೇಸ್‌ಬಾಲ್ ನೋಡಲು ಹೋಗುವ ಹಳೆಯ ಅಭಿಮಾನಿಗಳು ಕೈಯಲ್ಲಿ ಪೆನ್ಸಿಲ್ ಮತ್ತು ಸ್ಕೋರ್ ಕಾರ್ಡ್ ಹಿಡಿದಿರುತ್ತಾರೆ. ಯಾರು ಚೆಂಡು ಹೊಡೆದರು, ಯಾರು ಹಿಡಿದರು, ಯಾರು ಯಾವ ಬೇಸಿಗೆ ಓಡಿದರು ಎಂದು ಪ್ರತಿಯೊಂದನ್ನೂ ಗುರುತು ಹಾಕುತ್ತ ಹೋಗುತ್ತಾರೆ. ಮೂರು ಸಲ ಬೀಸಿ ತಪ್ಪಿಸಿಕೊಂಡು ಔಟಾದವನ ಮನೆಗೆ ‘ಕೆ’ ಅಕ್ಷರ. ಹೀಗೆ ಬರೆದುಕೊಳ್ಳುವವನಿಗೆ 12–0 ಸೋಲಿನಲ್ಲೂ ಏನೋ ಒಂದು ಕಾಣುತ್ತದೆ: ಹೊಸ ಹುಡುಗ ಎರಡು ಸಲ ಚೆನ್ನಾಗಿ ಹೊಡೆದ, ಆರನೆಯ ಇನ್ನಿಂಗ್ಸಿನಲ್ಲಿ ಪಿಚರ್ ಮೂವರನ್ನೂ ಸಾಲಾಗಿ ಕಳಿಸಿದ. ಫಲಿತಾಂಶ ಮಾತ್ರ ನೋಡುವವನಿಗೆ ಅದು ಒಂದೇ ಪದ, ‘ಸೋಲು’. ಕಾರ್ಡ್ ತುಂಬುವವನಿಗೆ ಅದೊಂದು ಪುಟ.

ಒಂದು ನಾಣ್ಯ ತೆಗೆದುಕೊಳ್ಳಿ

ಈಗ ಸ್ವಲ್ಪ ಲೆಕ್ಕ ಮಾಡೋಣ. ಮಕ್ಕಳೇ, ಒಂದು ಕಾಗದದಲ್ಲಿ ನಾಣ್ಯ ಚಿಮ್ಮದೆಯೇ, ನೂರು ಸಲ ಚಿಮ್ಮಿದಂತೆ ಊಹಿಸಿ ‘ರಾಜ’, ‘ರಾಣಿ’ ಎಂದು ಬರೆಯಿರಿ. ಇನ್ನೊಂದು ಕಾಗದದಲ್ಲಿ ನಿಜವಾಗಿಯೂ ನೂರು ಸಲ ಚಿಮ್ಮಿ ಬಂದದ್ದನ್ನು ಬರೆಯಿರಿ. ಎರಡನ್ನೂ ಹೋಲಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಊಹಿಸಿ ಬರೆದ ಪಟ್ಟಿಯಲ್ಲಿ ರಾಜ ಮೂರು ನಾಲ್ಕು ಸಲ ಸಾಲಾಗಿ ಬಂದೊಡನೆ ನಿಮ್ಮ ಕೈ ತಾನಾಗಿ ರಾಣಿಯ ಕಡೆ ಹೋಗಿರುತ್ತದೆ. ನಿಜವಾದ ನಾಣ್ಯಕ್ಕೆ ಅಂಥ ಸಂಕೋಚವಿಲ್ಲ. ನೂರು ಚಿಮ್ಮುಗಳಲ್ಲಿ ಒಂದೇ ಮುಖ ಸತತವಾಗಿ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಎಲ್ಲಾದರೂ ಒಂದು ಕಡೆ ಬರುವ ಸಂಭವ ಶೇಕಡ 80ರಷ್ಟಿದೆ! ಅಂದರೆ ಸಾಲು ಸಾಲಾಗಿ ಬರುವುದೇ ಅದೃಷ್ಟದ ಸಹಜ ನಡಿಗೆ.

ಇದನ್ನೇ ತಂಡಕ್ಕೆ ಹೊಂದಿಸಿ. ಸೋಲು ಗೆಲುವು ಸಮಸಮ ಸಂಭವವಿರುವ ಸಾಧಾರಣ ತಂಡವೊಂದು 162 ಪಂದ್ಯ ಆಡಿದರೆ, ಎಲ್ಲಾದರೂ ಸತತ ಆರು ಸೋಲು ಬರುವ ಸಂಭವ ಶೇಕಡ 70ರ ಆಸುಪಾಸು. ಆದ್ದರಿಂದ ಆರು ಸೋಲಿಗೆ ಮ್ಯಾನೇಜರನ್ನು ತೆಗೆದುಹಾಕುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ.

ಹಾಗಾದರೆ 21? ನಾಣ್ಯ ಸತತ 21 ಸಲ ಒಂದೇ ಬದಿಗೆ ಬೀಳಬೇಕಾದರೆ 2ನ್ನು 21 ಸಲ ಗುಣಿಸಬೇಕು: 20,97,152ಕ್ಕೆ ಒಂದು ಸಂಭವ. ಆದ್ದರಿಂದ ಓರಿಯೋಲ್ಸ್ ಸಾಧಾರಣ ತಂಡವಾಗಿರಲಿಲ್ಲ, ನಿಜಕ್ಕೂ ದುರ್ಬಲವಾಗಿತ್ತು ಎಂದಾಯಿತು. ಮೂರು ಪಂದ್ಯಕ್ಕೆ ಎರಡು ಸೋಲುವ ತಂಡ ಎಂದು ಇಟ್ಟುಕೊಳ್ಳೋಣ. ಆಗ ಮೂರನೆಯ ಎರಡು ಭಾಗವನ್ನು 21 ಸಲ ಗುಣಿಸಿದರೆ, ಸುಮಾರು 5,000ಕ್ಕೆ ಒಂದು ಸಂಭವ ಬರುತ್ತದೆ. ಇದು ಮೊದಲ ದಿನದಿಂದಲೇ ಸೋಲಲು ತೊಡಗುವ ಸಂಭವ. ವರ್ಷದ ನಡುವೆ ಎಲ್ಲಾದರೂ ಸರಿ ಎಂದರೆ ಅದು ನೂರಕ್ಕೆ ಒಂದರ ಹತ್ತಿರ ಬರುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಲೀಗಿನಲ್ಲಿ ಇಂಥ ದುರ್ಬಲ ತಂಡಗಳು ಬೇಕಾದಷ್ಟು ಬಂದು ಹೋಗಿವೆ. ಆದ್ದರಿಂದ ಇಂಥ ಸರಪಳಿ ಆಗೊಮ್ಮೆ ಈಗೊಮ್ಮೆ ಯಾರ ಕೊರಳಿಗಾದರೂ ಬೀಳಲೇಬೇಕು. ಬಿದ್ದಿದೆ ಕೂಡ: 1961ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಸತತ 23 ಸೋಲು; 2024ರಲ್ಲಿ ಷಿಕಾಗೋ ವೈಟ್ ಸಾಕ್ಸ್‌ಗೆ ಸತತ 21. ದೌರ್ಬಲ್ಯ ನಿಜ, ದುರದೃಷ್ಟವೂ ನಿಜ. ಎರಡೂ ಕೈಜೋಡಿಸಿದಾಗಲೇ ದಾಖಲೆ ಹುಟ್ಟುವುದು.

ಇಷ್ಟು ಸೋತ ಮೇಲೆ ನಾಳೆಯಾದರೂ ಗೆಲ್ಲಲೇಬೇಕಲ್ಲ ಎಂದು ಅಭಿಮಾನಿ ಹೇಳುವುದುಂಟು. ನಾಣ್ಯಕ್ಕೆ ನೆನಪಿಲ್ಲ. ಹಿಂದಿನ 20 ಸೋಲು 21ನೆಯ ಪಂದ್ಯದಲ್ಲಿ ರಿಯಾಯಿತಿ ಕೊಡಿಸುವುದಿಲ್ಲ. ಜೂಜಿನ ಕಟ್ಟೆಯಲ್ಲಿ ಮನೆ ಮಠ ಕಳೆದುಕೊಂಡವರೆಲ್ಲ ನಂಬಿದ್ದು ಇದೇ ತಪ್ಪು ತರ್ಕವನ್ನು.

ಗೆದ್ದರೆ ‘ನಾವು’, ಸೋತರೆ ‘ಅವರು’

ತಂಡ ಗೆದ್ದಾಗ ನಾವೇನೂ ಮಾಡಿರುವುದಿಲ್ಲ. ಆದರೂ ‘ಗೆದ್ದೆವು’ ಎನ್ನುತ್ತೇವೆ. ಇದನ್ನು ವೈಜ್ಞಾನಿಕವಾಗಿ ಗಮನಿಸಿದವರು ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನೋವಿಜ್ಞಾನಿ. 1976ರಲ್ಲಿ ಪ್ರಕಟವಾದ ಅವರ ಮತ್ತು ಸಂಗಡಿಗರ ಅಧ್ಯಯನ ಬಹಳ ಸರಳ. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ವಾರಾಂತ್ಯದಲ್ಲಿ ಗೆದ್ದರೆ ಸೋಮವಾರ ತರಗತಿಗೆ ಆ ವಿಶ್ವವಿದ್ಯಾಲಯದ ಹೆಸರು, ಲಾಂಛನವಿರುವ ಉಡುಪು ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚು. ಪಂದ್ಯದ ಬಗ್ಗೆ ಕೇಳಿದರೆ ಗೆದ್ದಾಗ ‘ನಾವು’ ಎಂಬ ಪದ ಹೆಚ್ಚು, ಸೋತಾಗ ‘ಅವರು’ ಹೆಚ್ಚು.

ಮೈಯೂ ಇದರಲ್ಲಿ ಪಾಲ್ಗೊಳ್ಳುತ್ತದೆ. 1994ರ ವಿಶ್ವಕಪ್ ಫುಟ್‌ಬಾಲ್ ಫೈನಲ್ಲಿನಲ್ಲಿ ಬ್ರೆಜಿಲ್ ಮತ್ತು ಇಟಲಿ ಸೆಣಸಿದಾಗ, ಟಿವಿಯಲ್ಲಿ ನೋಡುತ್ತಿದ್ದ ಅಭಿಮಾನಿಗಳ ಜೊಲ್ಲನ್ನು ಪಂದ್ಯದ ಮೊದಲೂ ನಂತರವೂ ಸಂಗ್ರಹಿಸಿ ಪರೀಕ್ಷಿಸಿದ ಒಂದು ಚಿಕ್ಕ ಅಧ್ಯಯನವಿದೆ. ಗೆದ್ದ ಬ್ರೆಜಿಲ್ ಬೆಂಬಲಿಗರಲ್ಲಿ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಏರಿತ್ತು, ಸೋತ ಇಟಲಿಯ ಬೆಂಬಲಿಗರಲ್ಲಿ ಇಳಿದಿತ್ತು. ಕುರ್ಚಿಯಿಂದ ಏಳದವರ ಮೈಯಲ್ಲಿ ಇಷ್ಟು ಬದಲಾವಣೆ! ತಂಡ ಸೋತ ರಾತ್ರಿ ಮಗ ಊಟ ಬೇಡವೆಂದರೆ ಅದು ಬರೀ ನಾಟಕವಲ್ಲ ಎಂದು ತಾಯಂದಿರು ತಿಳಿದರೆ ಒಳ್ಳೆಯದು. ಹಾಗೆಂದು ಬಡಿಸದೆ ಬಿಡಬೇಕಾಗಿಯೂ ಇಲ್ಲ.

ಸೋತಾಗ ‘ಅವರು’ ಎಂದು ದೂರ ಸರಿಯುವುದು ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಸಹಜ ಉಪಾಯ. ಹಾಗಿರುವಾಗ 23 ಸೋಲಿನ ನಂತರವೂ ‘ನಾವು’ ಎಂದ ಬಾಲ್ಟಿಮೋರ್ ಜನರ ವರ್ತನೆಗೆ ಬೇರೇನೋ ಕಾರಣ ಇರಬೇಕಲ್ಲವೇ?

ಒಮ್ಮೆ ಕಳೆದುಕೊಂಡ ಊರು

ಇತ್ತು. ಅಮೆರಿಕದಲ್ಲಿ ತಂಡಗಳು ಖಾಸಗಿ ಮಾಲೀಕರ ಸೊತ್ತು. ಮಾಲೀಕನಿಗೆ ಊರು ಬೇಡವೆನಿಸಿದರೆ ಅಂಗಡಿ ಎತ್ತಿದಂತೆ ತಂಡವನ್ನೇ ಬೇರೆ ಊರಿಗೆ ಒಯ್ಯಬಹುದು. ಬಾಲ್ಟಿಮೋರ್ ಜನ ಈ ನೋವನ್ನು ಆಗಲೇ ಉಂಡಿದ್ದರು. ಅವರ ಪ್ರೀತಿಯ ಫುಟ್‌ಬಾಲ್ ತಂಡ ‘ಕೋಲ್ಟ್ಸ್’ 1984ರ ಮಾರ್ಚ್ 28ರ ರಾತ್ರಿ ಸಾಮಾನು ಸರಂಜಾಮನ್ನೆಲ್ಲ ಲಾರಿಗಳಿಗೆ ತುಂಬಿಕೊಂಡು ಇಂಡಿಯಾನಾಪೊಲಿಸ್ ನಗರಕ್ಕೆ ಹೊರಟುಹೋಗಿತ್ತು. ಬೆಳಗಾದಾಗ ಊರಿನಲ್ಲಿ ತಂಡವಿಲ್ಲ! ತಂಡ ಹೋದರೂ ಅದರ ವಾದ್ಯವೃಂದದವರು ಮಾತ್ರ ಚದುರದೆ, ಆಡಲು ತಂಡವಿಲ್ಲದ ಊರಿನಲ್ಲಿ ವರ್ಷಗಟ್ಟಲೆ ಬಾಜಾಬಜಂತ್ರಿ ನುಡಿಸುತ್ತ ಉಳಿದರು. 1996ರಲ್ಲಿ ಬಾಲ್ಟಿಮೋರಿಗೆ ಮತ್ತೆ ಫುಟ್‌ಬಾಲ್ ತಂಡ ಬಂದಾಗ ಅದರ ವಾದ್ಯವೃಂದವಾದವರೂ ಅವರೇ.

ಓರಿಯೋಲ್ಸ್ ಮಾಲೀಕ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಾಷಿಂಗ್ಟನ್ನಿನ ಹೆಸರಾಂತ ವಕೀಲರು. ರಾಜಧಾನಿಗೆ ಸ್ವಂತ ಬೇಸ್‌ಬಾಲ್ ತಂಡವಿರಲಿಲ್ಲ. ಇವರೂ ತಂಡವನ್ನು ಒಯ್ದರೆ? ಈ ಭಯ ಊರಿನವರ ಮನಸ್ಸಿನಲ್ಲಿ ವರ್ಷಗಳಿಂದ ಕೂತಿತ್ತು. ಆದ್ದರಿಂದ ಮೇ 2ರ ರಾತ್ರಿ ಕ್ರೀಡಾಂಗಣ ತುಂಬಿದ್ದು ಬರೀ ತಮಾಷೆಗಲ್ಲ. ನೀವು ಸೋತರೂ ನಮ್ಮವರೇ, ನಿಮ್ಮನ್ನು ಬಿಟ್ಟುಕೊಡುವುದಿಲ್ಲ ಎಂಬ ಮಾತನ್ನು ಅವರು ತಲೆಯೆಣಿಕೆಯಲ್ಲಿ ಹೇಳಿದ್ದರು. ಅದೇ ರಾತ್ರಿ ರಾಜ್ಯಪಾಲ ವಿಲಿಯಂ ಡೊನಾಲ್ಡ್ ಷೇಫರ್ (ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾದ ರಾಜ್ಯದ ಮುಖ್ಯಸ್ಥರು) ಹೊಸ ಕ್ರೀಡಾಂಗಣಕ್ಕಾಗಿ ತಂಡದೊಡನೆ 15 ವರ್ಷಗಳ ಒಪ್ಪಂದವಾಗಿದೆ ಎಂದು ಪ್ರಕಟಿಸಿದರು. ಕ್ಯಾನ್ಸರ್‌ನಿಂದ ನರಳುತ್ತಿದ್ದ ವಿಲಿಯಮ್ಸ್ ಅದೇ ಆಗಸ್ಟಿನಲ್ಲಿ ತೀರಿಕೊಂಡರು. ಆದರೆ ಒಪ್ಪಂದ ಉಳಿಯಿತು. 1992ರ ಏಪ್ರಿಲ್ 6ರಂದು ‘ಕ್ಯಾಮ್ಡನ್ ಯಾರ್ಡ್ಸ್’ ಎಂಬ ಆ ಹೊಸ ಕ್ರೀಡಾಂಗಣ ತೆರೆಯಿತು. ಮುಂದೆ ಹಲವು ನಗರಗಳು ಕಟ್ಟಿದ ಕ್ರೀಡಾಂಗಣಗಳಿಗೆ ಅದೇ ಮಾದರಿಯಾಯಿತು. ಅಂದ ಹಾಗೆ, ಆ ರಾತ್ರಿ ಓರಿಯೋಲ್ಸ್ ಟೆಕ್ಸಸ್ ತಂಡವನ್ನು 9–4ರಿಂದ ಸೋಲಿಸಿತು!

ನಿಷ್ಠೆ ಕುರುಡಾಗಬೇಕೇ?

ಹಾಗಾದರೆ ಏನೇ ಆದರೂ ತಂಡದ ಹಿಂದೆ ನಿಲ್ಲುವುದೇ ಧರ್ಮವೇ? ಇಲ್ಲಿ ಒಂದು ವಿವೇಕ ಬೇಕು. 1899ರಲ್ಲಿ ‘ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್’ ಎಂಬ ತಂಡ 20 ಪಂದ್ಯ ಗೆದ್ದು 134 ಸೋತಿತು. ಅದರಲ್ಲಿ 24 ಸತತ. ಕಾರಣ? ಅದರ ಮಾಲೀಕರು ಸೇಂಟ್ ಲೂಯಿಸ್ ನಗರದಲ್ಲಿ ಇನ್ನೊಂದು ತಂಡವನ್ನು ಕೊಂಡು, ಸೈ ಯಂಗ್‌ನಂಥ ಅಗ್ರಗಣ್ಯ ಪಿಚರ್ ಸೇರಿದಂತೆ ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದ್ದರು. ಕ್ಲೀವ್‌ಲ್ಯಾಂಡ್ ಜನ ಆಟ ನೋಡಲು ಹೋಗುವುದನ್ನೇ ಬಿಟ್ಟರು. ತಂಡ ಬಹುತೇಕ ಪಂದ್ಯಗಳನ್ನು ಪರ ಊರುಗಳಲ್ಲೇ ಆಡಿ, ಆ ವರ್ಷದ ಕೊನೆಗೆ ಇಲ್ಲವಾಯಿತು. ಆ ಜನರನ್ನು ನಿಷ್ಠೆಯಿಲ್ಲದವರು ಎನ್ನಲಾದೀತೇ? ಮೋಸ ಹೋದವರು ಅವರು.

2024ರಲ್ಲಿ ವೈಟ್ ಸಾಕ್ಸ್ 41 ಗೆದ್ದು 121 ಸೋತು, 1900ರ ನಂತರದ ಕಾಲದಲ್ಲಿ ಒಂದೇ ವರ್ಷ ಅತಿ ಹೆಚ್ಚು ಸೋತ ತಂಡವೆನಿಸಿತು. ಮೈದಾನಕ್ಕೆ ಬಂದ ಅಭಿಮಾನಿಗಳು ಬೈದದ್ದು ಆಟಗಾರರಿಗಿಂತ ಹೆಚ್ಚಾಗಿ ಮಾಲೀಕರನ್ನು. ತಂಡವನ್ನು ಮಾರಿಬಿಡಿ ಎಂದು ಒಕ್ಕೊರಲಿನಿಂದ ಕೂಗಿದರು. ಪ್ರಯತ್ನಪಟ್ಟು ಸೋತವನ ಬೆನ್ನು ತಟ್ಟಬೇಕು, ಪ್ರಯತ್ನವನ್ನೇ ಮಾಡದವನನ್ನು ಪ್ರಶ್ನಿಸಬೇಕು. ನಿಜವಾದ ಅಭಿಮಾನಿ ಎರಡನ್ನೂ ಮಾಡುತ್ತಾನೆ.

ಈ ಅನುಭವ ಕನ್ನಡಿಗರಿಗೂ ಹೊಸತಲ್ಲ. 2008ರಿಂದ ಬೆಂಗಳೂರಿನ ಐಪಿಎಲ್ ತಂಡ ಆರ್‌ಸಿಬಿಯನ್ನು ಬೆಂಬಲಿಸಿ, 2009, 2011, 2016ರ ಫೈನಲ್ ಸೋಲುಗಳನ್ನು ಸಹಿಸಿ, ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಹೇಳಿಕೊಂಡು ಬಂದವರು ನಮ್ಮ ಮನೆಗಳಲ್ಲೇ ಇದ್ದಾರೆ. 2024ರಲ್ಲಿ ಆ ತಂಡ ಸತತ ಆರು ಪಂದ್ಯ ಸೋತು, ಆಮೇಲೆ ಸತತ ಆರು ಗೆದ್ದದ್ದು ಮೇಲೆ ಹೇಳಿದ ನಾಣ್ಯದ ಪಾಠಕ್ಕೆ ಒಳ್ಳೆಯ ಉದಾಹರಣೆ. 2025ರ ಜೂನ್ 3ರಂದು ಪಂಜಾಬ್ ತಂಡವನ್ನು ಆರು ರನ್ನುಗಳಿಂದ ಸೋಲಿಸಿದಾಗ ಹದಿನೆಂಟು ವರ್ಷಗಳ ಕಾಯುವಿಕೆ ಮುಗಿಯಿತು. ಆದರೆ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ಸೋಲನ್ನು ತಾಳಿಕೊಂಡವರಿಗೆ ಗೆಲುವಿನ ಮರುದಿನ ಒದಗಿದ ದುಃಖ ಅದು. ಅಭಿಮಾನಿಗಳು ಕಾದಷ್ಟೇ ಶ್ರದ್ಧೆಯಿಂದ ಅವರ ಸುರಕ್ಷತೆಯನ್ನೂ ಯಾರಾದರೂ ಯೋಚಿಸಬೇಕು.

ಬೈಗುಳದ ಪವಾಡ

ಮತ್ತೆ ಓರಿಯೋಲ್ಸ್ ಕಡೆಗೆ ಬರೋಣ. 1988ರ ವರ್ಷ ಮುಗಿದಾಗ ಅವರ ಲೆಕ್ಕ: ಗೆಲುವು 54, ಸೋಲು 107. ಅದೇ 54! ಮೊದಲ 21 ಸೋಲನ್ನು ತೆಗೆದುಹಾಕಿದರೆ, ಉಳಿದ 140 ಪಂದ್ಯಗಳಲ್ಲಿ 54 ಗೆಲುವು. ಕೆಟ್ಟ ತಂಡವೇ, ಆದರೆ ಏಪ್ರಿಲ್ ತೋರಿಸಿದಷ್ಟು ಕೆಟ್ಟದ್ದಲ್ಲ. 1989ರಲ್ಲಿ ಎಡ್ಡಿ ಮರ್ರೆಯಂಥ ಹಿರಿಯ ತಾರೆಯನ್ನು ಬಿಟ್ಟುಕೊಟ್ಟು, ಹೊಸ ಹುಡುಗರನ್ನು ಕಟ್ಟಿಕೊಂಡು ಆಡಿದರು. ಗೆಲುವು 87, ಸೋಲು 75. ತಮ್ಮ ವಿಭಾಗದಲ್ಲಿ ಎರಡನೆಯ ಸ್ಥಾನ. ರಾಬಿನ್ಸನ್ ಆ ವರ್ಷದ ಅತ್ಯುತ್ತಮ ಮ್ಯಾನೇಜರ್, ಯುವ ಪಿಚರ್ ಗ್ರೆಗ್ ಓಲ್ಸನ್ ಅತ್ಯುತ್ತಮ ಹೊಸ ಆಟಗಾರ. ಅಪ್ಪನನ್ನು ತೆಗೆದುಹಾಕಿದರೂ ತಂಡ ಬಿಡದ ಕ್ಯಾಲ್ ರಿಪ್ಕೆನ್ ಜೂನಿಯರ್, 21 ಸೋಲುಗಳಲ್ಲೂ ಒಂದು ದಿನ ರಜೆ ಹಾಕದೆ ಆಡಿದ್ದ. 1982ರಿಂದ 1998ರವರೆಗೆ ಸತತ 2,632 ಪಂದ್ಯ ಆಡಿ ಇಂದಿಗೂ ಮುರಿಯದ ದಾಖಲೆ ಬರೆದ.

ಈ ಏರಿಕೆಯಲ್ಲಿ ಹೊಸಬರ ಶ್ರಮ ಎಷ್ಟು ಇದೆಯೋ, ಲೆಕ್ಕದ ನಿಯಮವೂ ಸ್ವಲ್ಪ ಇದೆ. ತೀರಾ ಕೆಳಗೆ ಬಿದ್ದ ಫಲಿತಾಂಶದ ಹಿಂದೆ ದೌರ್ಬಲ್ಯದ ಜೊತೆಗೆ ದುರದೃಷ್ಟವೂ ಸೇರಿರುತ್ತದೆ. ದೌರ್ಬಲ್ಯ ಮುಂದುವರಿಯಬಹುದು, ಅಷ್ಟೇ ದುರದೃಷ್ಟ ಮುಂದುವರಿಯುವುದು ಅಪರೂಪ. ಆದ್ದರಿಂದ ಮುಂದಿನ ಫಲಿತಾಂಶ ಸರಾಸರಿಯ ಕಡೆಗೆ ಸರಿಯುತ್ತದೆ. ತಂದೆ ತಾಯಿಯರ ಮತ್ತು ಮಕ್ಕಳ ಎತ್ತರವನ್ನು ಅಳೆದ ಫ್ರಾನ್ಸಿಸ್ ಗಾಲ್ಟನ್ ಇದನ್ನು 1886ರಲ್ಲಿಯೇ ವಿವರಿಸಿದ್ದರು. ಬಹಳ ಎತ್ತರದವರ ಮಕ್ಕಳು ಎತ್ತರವಿದ್ದರೂ ಸಾಮಾನ್ಯವಾಗಿ ತಂದೆ ತಾಯಿಯರಷ್ಟಿರುವುದಿಲ್ಲ. ಕುಳ್ಳರ ಮಕ್ಕಳು ಅವರಷ್ಟು ಕುಳ್ಳರಾಗುವುದಿಲ್ಲ.

ಈ ನಿಯಮ ತಿಳಿಯದಿದ್ದರೆ ಏನಾಗುತ್ತದೆ? 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಒಮ್ಮೆ ಇಸ್ರೇಲಿನ ವಾಯುಪಡೆಯ ಶಿಕ್ಷಕರಿಗೆ ಪಾಠ ಹೇಳುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆಯಿಂದ ಕಲಿಕೆ ಚೆನ್ನಾಗಿ ಆಗುತ್ತದೆ ಎಂದಾಗ ಅನುಭವಿ ಶಿಕ್ಷಕನೊಬ್ಬ ಒಪ್ಪಲಿಲ್ಲ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಗದರಿದರೆ ಸುಧಾರಿಸುತ್ತಾನೆ, ಇದು ತನ್ನ ಅನುಭವ ಎಂದ. ಆತ ಕಂಡದ್ದು ನಿಜ, ಕಟ್ಟಿದ ತರ್ಕ ತಪ್ಪು. ಅತಿ ಚೆನ್ನಾಗಿ ಹಾರಿಸಿದವನು ಹೊಗಳಿದರೂ ಹೊಗಳದಿದ್ದರೂ ಮುಂದಿನ ಸಲ ತುಸು ಇಳಿಯುತ್ತಿದ್ದ. ಅತಿ ಕೆಟ್ಟದಾಗಿ ಹಾರಿಸಿದವನು ಬೈದರೂ ಬೈಯದಿದ್ದರೂ ತುಸು ಏರುತ್ತಿದ್ದ. ಬೈಗುಳ ತನ್ನದಲ್ಲದ ಕೀರ್ತಿಯನ್ನು ಪಡೆಯಿತು, ಮೆಚ್ಚುಗೆ ತನ್ನದಲ್ಲದ ಅಪವಾದವನ್ನು ಹೊತ್ತಿತು!

ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ನಡೆಯುತ್ತಿರುವುದು ಇದೇ ಅಲ್ಲವೇ? ಕಿರು ಪರೀಕ್ಷೆಯಲ್ಲಿ ಗಣಿತಕ್ಕೆ ಎಂದಿಗಿಂತ ಬಹಳ ಕಡಿಮೆ ಅಂಕ ಬಂತು. ಅಪ್ಪ ಎರಡೇಟು ಹಾಕಿದರು. ಮುಂದಿನ ಸಲ ಹತ್ತು ಅಂಕ ಹೆಚ್ಚಾಯಿತು. ಏಟಿನ ಮಹಿಮೆ ಎಂದು ಅಪ್ಪ ತೀರ್ಮಾನಿಸಿದರು. ಆದರೆ ಅಂದು ಜ್ವರವಿತ್ತೋ, ಓದದ ಪಾಠದಿಂದಲೇ ಪ್ರಶ್ನೆಗಳು ಬಂದಿದ್ದವೋ ಯಾರು ಕೇಳಿದರು? ಏಟು ಬೀಳದಿದ್ದರೂ ಆ ಅಂಕದ ಬಹುಭಾಗ ತಾನಾಗಿ ಹಿಂದಿರುಗುತ್ತಿತ್ತು. ಏಟಿನಿಂದ ಖಂಡಿತವಾಗಿ ಆದದ್ದು ಒಂದೇ: ಮುಂದಿನ ಸಲ ಅಂಕ ಕಡಿಮೆ ಬಂದರೆ ಮಗು ಅದನ್ನು ಮನೆಯಲ್ಲಿ ಹೇಳುವುದಿಲ್ಲ. ಫಲಿತಾಂಶದ ದಿನಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ದುಃಖದ ಸುದ್ದಿಗಳನ್ನು ಓದಿದವರಿಗೆ, ಹೇಳಲಾರದ ಮಗು ಎಷ್ಟು ಅಪಾಯದಲ್ಲಿರುತ್ತದೆ ಎಂದು ವಿವರಿಸಬೇಕಾಗಿಲ್ಲ.

ಹಾಗೆಂದು ಕಾಯುತ್ತ ಕೂತರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಸರಾಸರಿಗೆ ಹಿಂದಿರುಗುವುದು ಲೆಕ್ಕದ ಕೆಲಸ. ಸರಾಸರಿಯನ್ನೇ ಮೇಲೆತ್ತುವುದು ಅಭ್ಯಾಸದ ಕೆಲಸ. ಅದಕ್ಕೆ ಅಭಿಮಾನಿಯ ಸ್ಕೋರ್ ಕಾರ್ಡ್ ಒಳ್ಳೆಯ ದಾರಿ. ಒಟ್ಟು ಅಂಕ ನೋಡಿ ಮುಖ ಸಿಂಡರಿಸುವ ಬದಲು, ಉತ್ತರ ಪತ್ರಿಕೆಯನ್ನು ಮಗುವಿನೊಡನೆ ಕುಳಿತು ಒಂದೊಂದಾಗಿ ನೋಡಿ. ಯಾವ ಲೆಕ್ಕದಲ್ಲಿ ಕ್ರಮ ಸರಿ, ಕೂಡುವಾಗ ಮಾತ್ರ ತಪ್ಪು? ಯಾವ ಪಾಠ ಅರ್ಥವೇ ಆಗಿಲ್ಲ? ಯಾವುದಕ್ಕೆ ಸಮಯ ಸಾಲಲಿಲ್ಲ? ಪೆನ್ಸಿಲ್ಲಿನಿಂದ ಗುರುತು ಹಾಕಿ. ಮೂರು ನಾಲ್ಕು ಪರೀಕ್ಷೆಗಳ ಗುರುತುಗಳು ಸೇರಿದ ಮೇಲೆ ಯಾವುದು ದುರದೃಷ್ಟ, ಯಾವುದು ದೌರ್ಬಲ್ಯ ಎಂದು ತಾನಾಗಿ ಕಾಣುತ್ತದೆ. ದೌರ್ಬಲ್ಯಕ್ಕೆ ಮದ್ದು ಮಾಡಿ, ದುರದೃಷ್ಟವನ್ನು ಮರೆತುಬಿಡಿ.

ಫಿಲಡೆಲ್ಫಿಯಾ ತಂಡ 1961ರ ಆಗಸ್ಟ್ 20ರಂದು 23 ಸೋಲಿನ ಸರಪಳಿ ಕಡಿದು ವಿಮಾನದಲ್ಲಿ ಊರಿಗೆ ಮರಳಿದಾಗ ನಿಲ್ದಾಣದಲ್ಲಿ ದೊಡ್ಡ ಗುಂಪು ನೆರೆದಿತ್ತು. ಕಲ್ಲು ಬೀಳಬಹುದು, ಒಟ್ಟಾಗಿ ಇಳಿಯುವುದು ಬೇಡ, ಚದುರಿ ಇಳಿಯೋಣ ಎಂದು ಆಟಗಾರನೊಬ್ಬ ತಮಾಷೆ ಮಾಡಿದನಂತೆ. ಗುಂಪು ಬಂದದ್ದು ಸ್ವಾಗತಕ್ಕೆ. ಅಂಕಪಟ್ಟಿ ಹಿಡಿದು ಬಾಗಿಲ ಬಳಿ ನಿಂತ ನಿಮ್ಮ ಮಗಳೂ ಒಳಗೆ ಏನು ಕಾದಿದೆಯೋ ಎಂದು ಹಾಗೆಯೇ ಯೋಚಿಸುತ್ತಿರುತ್ತಾಳೆ. ಮೊದಲು ಬಾಗಿಲು ತೆರೆದು ಒಳಗೆ ಕರೆಯಿರಿ, ಊಟ ಬಡಿಸಿ. ಪೆನ್ಸಿಲ್ ಆಮೇಲೆ ತೆಗೆದರಾಯಿತು.